ರಾಮಾಯಣ ಅನಿಮೆಯ ಪಾಠಾಂತರಗಳು: ಕಮಲನಗರದ ಗಡಿಯಿಂದ ಡಬ್ಬಿಂಗ್ ಅಧ್ಯಯನಕ್ಕೊಂದು ಗ್ರಂಥಸಂಪಾದನೆಯ ದಾರಿ

ಒಂದು ಓಲೆಗರಿಯ ಕಟ್ಟನ್ನು ಕೈಗೆತ್ತಿಕೊಂಡು ಇದೇ ಪಂಪಭಾರತ, ಇದೇ ಗದಾಯುದ್ಧ ಎಂದು ಯಾವ ಕನ್ನಡ ವಿದ್ವಾಂಸರೂ ಹೇಳುವುದಿಲ್ಲ. ಸಿಕ್ಕಷ್ಟು ಪ್ರತಿಗಳನ್ನು ತಾಳೆ ನೋಡಬೇಕು, ಪ್ರತಿಲಿಪಿಕಾರರ ಕೈತಪ್ಪು ಯಾವುದು, ಬೇಕೆಂದೇ ಮಾಡಿದ ಮಾರ್ಪಾಟು ಯಾವುದು ಎಂದು ಬೇರ್ಪಡಿಸಬೇಕು, ಆಮೇಲೆ ಪಾಠದ ಮಾತು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ 1964ರಲ್ಲಿ ಬಂತು, ಎಂ.ಎಂ. ಕಲಬುರ್ಗಿಯವರ ‘ಕನ್ನಡ ಗ್ರಂಥಸಂಪಾದನ ಶಾಸ್ತ್ರ’ 1972ರಲ್ಲಿ. ಇಷ್ಟು ಹಳೆಯ, ಇಷ್ಟು ಗಟ್ಟಿಯಾದ ಶಿಸ್ತು ನಮ್ಮಲ್ಲಿದ್ದರೂ ಚಲನಚಿತ್ರದ ಹತ್ತಿರ ಬಂದಾಗ ನಾವು ಅದನ್ನು ಹೊಸ್ತಿಲಾಚೆ ಬಿಡುತ್ತೇವೆ. ‘ಮೂಲ’ ಎಂದೊಂದು, ‘ಡಬ್’ ಎಂದೊಂದು ಎರಡೇ ಗೂಡು ಮಾಡಿ, ಎರಡನೆಯದನ್ನು ಹುಟ್ಟಿನಿಂದಲೇ ಕೀಳೆಂದು ತೀರ್ಮಾನಿಸಿ ಬಿಡುತ್ತೇವೆ. ಜಪಾನಿನ ಅನಿಮೆ ಚಿತ್ರಗಳು, ಧಾರಾವಾಹಿಗಳು ಭಾರತಕ್ಕೆ ಬಂದ ಬಗೆಯನ್ನು ನೋಡಿದರೆ ಈ ವಿಂಗಡಣೆ ನಿಲ್ಲುವುದಿಲ್ಲ. ಬೇರೆ ಬೇರೆ ಭಾಷೆಯ ಡಬ್‌ಗಳನ್ನೂ, ಮನೆಯ ಟಿ.ವಿ.ಗೆಂದು ಬಂದ ಕ್ಯಾಸೆಟ್, ವಿಸಿಡಿ, ಡಿವಿಡಿ ಬಿಡುಗಡೆಗಳನ್ನೂ ಒಂದೇ ಕೃತಿಯ ಪಾಠಗಳೆಂದು ಎಣಿಸಿ ತಾಳೆ ನೋಡಬೇಕೆಂಬುದು ಈ ಲೇಖನದ ವಾದ. ಹಾಗೆ ನೋಡಿದಾಗ ಕನ್ನಡದ ಡಬ್ ಇಲ್ಲದಿರುವುದು ವ್ಯಾಪಾರದ ಲೆಕ್ಕವಾಗಿ ಉಳಿಯದೆ, ಕೃತಿಯ ಪಾಠಪರಂಪರೆಯಲ್ಲಿ ಉಳಿದುಹೋದ ಒಂದು ತೆರವಾಗಿ ಕಾಣುತ್ತದೆ. ಕನ್ನಡ, ಮರಾಠಿ, ದಖ್ಖನಿ ಉರ್ದು ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ, ಬೀದರ್ ಜಿಲ್ಲೆಯ ಗಡಿಯ ಕಮಲನಗರದಂಥ ಊರಿನಿಂದ ನೋಡಿದರೆ ಆ ತೆರವು ಇನ್ನಷ್ಟು ಸ್ಪಷ್ಟ.

ಈ ಪರೀಕ್ಷೆಗೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’. ಇದರ ಹುಟ್ಟೇ ವಿಚಿತ್ರವಾದುದು. ಜಪಾನಿನ ಯುಗೊ ಸಾಕೊ 1983ರಲ್ಲಿ ಪುರಾತತ್ತ್ವಜ್ಞ ಬಿ.ಬಿ. ಲಾಲ್ ಅವರ ಉತ್ಖನನಗಳ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದಾಗ ರಾಮಾಯಣ ಅವರನ್ನು ಹಿಡಿದುಕೊಂಡಿತು. ಜಪಾನಿ ಭಾಷೆಯಲ್ಲಿ ಸಿಕ್ಕ ರಾಮಾಯಣಗಳನ್ನೆಲ್ಲ ಓದಿದರು. ದೇವರನ್ನು ಮನುಷ್ಯನಟ ತೋರಿಸುವುದಕ್ಕಿಂತ ಚಿತ್ರಕಾರನ ರೇಖೆ ಚೆನ್ನಾಗಿ ತೋರಿಸಬಲ್ಲದು ಎಂಬ ನಂಬಿಕೆಯಿಂದ ಅನಿಮೇಷನ್ ಮಾಡಲು ಹೊರಟರು. ಹೊರದೇಶದವರು ನಮ್ಮ ಮಹಾಕಾವ್ಯವನ್ನು ಮುಟ್ಟುವುದಕ್ಕೆ ಇಲ್ಲಿಂದ ಪ್ರತಿಭಟನೆಯ ಪತ್ರ ಹೋಯಿತು. ವಿಷಯ ಸೂಕ್ಷ್ಮವಾದದ್ದು, ಅದನ್ನು ಕಾರ್ಟೂನ್ ಮಾಡಲಾಗದು ಎಂಬ ನೆಲೆಯಲ್ಲಿ ಸರ್ಕಾರದ ಸಹಯೋಗವೂ ಕೈಗೂಡಲಿಲ್ಲ. ಕೊನೆಗೆ ಭಾರತದ ಅನಿಮೇಷನ್ನಿನ ಹಿರಿಯ ರಾಮ್ ಮೋಹನ್ ಮತ್ತು ಕೊಇಚಿ ಸಸಾಕಿ ಅವರೊಂದಿಗೆ ಸೇರಿ, ಸುಮಾರು 450 ಕಲಾವಿದರ ಕೈಯಿಂದ ಸಾಕೊ ಚಿತ್ರವನ್ನು ಮುಗಿಸಿದರು. ಸಂಗೀತ ವನರಾಜ್ ಭಾಟಿಯಾ ಅವರದು. 1993ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅದು ತೆರೆ ಕಂಡಿತು.

ಇಷ್ಟನ್ನು ಕೇಳಿದವರು ಸಹಜವಾಗಿ ಕೇಳುವ ಪ್ರಶ್ನೆ: ಇದರ ಮೂಲಭಾಷೆ ಯಾವುದು? ಕಥೆ ವಾಲ್ಮೀಕಿಯ ಸಂಸ್ಕೃತದ್ದು. ನಿರ್ದೇಶಕ ಅದನ್ನು ಓದಿದ್ದು ಜಪಾನಿಯಲ್ಲಿ. ಚಿತ್ರ ಬರೆದದ್ದು ಜಪಾನಿನಲ್ಲಿ. ಮೊದಲು ತಯಾರಾದ ಸಂಭಾಷಣೆ ಇಂಗ್ಲಿಷಿನದು, ಅದೂ ಮುಂಬಯಿಯ ರಂಗಭೂಮಿಯ ಭಾರತೀಯ ಕಂಠಗಳಲ್ಲಿ. ನಿಖಿಲ್ ಕಪೂರ್ ರಾಮನಾದರು, ರಯಲ್ ಪದಮ್‌ಸೀ ಸೀತೆಯಾದರು. ಆ ಇಂಗ್ಲಿಷ್ ಮಾತಿನ ನಡುನಡುವೆ ಬರುವ ಹಾಡುಗಳು ಸಂಸ್ಕೃತದಲ್ಲಿದ್ದವು, ಬರೆದವರು ವಸಂತ ದೇವ್. ಆಮೇಲೆ ಹಿಂದಿ ಪಾಠ ಬಂತು, ಅದಕ್ಕೆ ಹಿಂದಿ ಹಾಡುಗಳೇ ಬಂದವು. ಯಕ್ಷಗಾನ ಬಲ್ಲ ಓದುಗರಿಗೆ ಇಂಗ್ಲಿಷ್ ಪಾಠದ ಈ ರಚನೆ ಹೊಸದೆನಿಸದು: ಪದ್ಯ ಒಂದು ಭಾಷಾಸ್ತರದಲ್ಲಿ, ಅರ್ಥ ಇನ್ನೊಂದರಲ್ಲಿ. ಆದರೆ ಗ್ರಂಥಸಂಪಾದಕರ ಕಣ್ಣಿಗೆ ಇಲ್ಲಿ ಬೇರೊಂದು ಸಂಗತಿ ಕಾಣುತ್ತದೆ. ಕಾಲದ ಲೆಕ್ಕದಲ್ಲಿ ಮೊದಲು ಬಂದ ಇಂಗ್ಲಿಷ್ ಪಾಠವನ್ನು ‘ಮೂಲ’ ಎಂದರೆ, ಕಥೆಯ ಲೋಕಕ್ಕೆ ಅತ್ಯಂತ ದೂರದ ಭಾಷೆಯನ್ನು ಮೂಲವೆಂದಂತಾಗುತ್ತದೆ. ಚಿತ್ರ ಬರೆದ ನಾಡಿನ ಭಾಷೆಯೇ ಮೂಲ ಎಂದರೆ, ಎಲ್ಲಕ್ಕಿಂತ ಮೊದಲು ದನಿಗೂಡದ ಪಾಠವನ್ನು ಮೂಲವೆನ್ನಬೇಕಾಗುತ್ತದೆ. ಈ ಚಿತ್ರಕ್ಕೆ ಮೂಲವೆಂಬ ಒಂದು ಪಾಠವಿಲ್ಲ. ಇರುವುದು ಒಂದು ಚಿತ್ರಮಾಲೆ ಮತ್ತು ಅದರ ಮೇಲೆ ಕಾಲಕಾಲಕ್ಕೆ ಕೂಡಿಕೊಂಡ ಹಲವು ವಾಚಿಕಗಳು.

ಹಾಗಾದರೆ ಮೊದಲು ಬಂದದ್ದಕ್ಕೆ ಹೆಚ್ಚಿನ ಬೆಲೆ ಇಲ್ಲವೇ? ಹಸ್ತಪ್ರತಿ ಬಲ್ಲವರು ಈ ಪ್ರಶ್ನೆಗೆ ಎಂದೋ ಉತ್ತರ ಕೊಟ್ಟಿದ್ದಾರೆ: ಈಚಿನ ಪ್ರತಿ ಎಂದ ಮಾತ್ರಕ್ಕೆ ಅದು ಕೆಟ್ಟದ್ದಲ್ಲ, ಅದು ನಮಗೆ ದೊರೆಯದ ಹಳೆಯ ಪ್ರತಿಯೊಂದರ ಒಳ್ಳೆಯ ಓದನ್ನು ಕಾಪಾಡಿಕೊಂಡು ಬಂದಿರಬಹುದು. ಡಬ್ಬಿಂಗಿನಲ್ಲಿ ಇದು ಭಾಷೆಯ ರಚನೆಯಲ್ಲೇ ಕಾಣುತ್ತದೆ. ಇಂಗ್ಲಿಷಿನಲ್ಲಿ ಎದುರಿಗಿರುವವರನ್ನು ಕರೆಯಲು ಇರುವುದು ‘ಯೂ’ ಒಂದೇ. ದಶರಥ ರಾಮನಿಗೆ, ರಾಮ ದಶರಥನಿಗೆ, ಲಕ್ಷ್ಮಣ ಸೀತೆಗೆ, ವಿಭೀಷಣ ರಾವಣನಿಗೆ, ಹನುಮಂತ ರಾಮನಿಗೆ ಎಲ್ಲರೂ ಅದೊಂದನ್ನೇ ಹೇಳಬೇಕು. ಹಿಂದಿಗೆ ಬಂದ ಕೂಡಲೇ ಬರೆಯುವವರು ಆಪ್, ತುಮ್, ತೂ ಈ ಮೂರರಲ್ಲಿ ಒಂದನ್ನು ಆರಿಸಲೇಬೇಕು. ಆರಿಸದೆ ಒಂದು ವಾಕ್ಯವೂ ಮುಗಿಯದು. ವಿಭೀಷಣ ಅಣ್ಣನಿಗೆ ಬುದ್ಧಿ ಹೇಳುವಾಗ ಯಾವ ಸರ್ವನಾಮ, ಲಂಕೆ ಬಿಟ್ಟು ಹೊರಡುವಾಗ ಯಾವುದು ಎಂಬ ಆಯ್ಕೆಯಲ್ಲಿ ಇಡೀ ಸಂಬಂಧದ ತಿರುವು ಅಡಗಿದೆ. ಸಂಸ್ಕೃತದಲ್ಲಿ ‘ತ್ವಂ’ ಮತ್ತು ‘ಭವಾನ್’ ನಡುವೆ ಇದ್ದ ಅಂತರ ಇಂಗ್ಲಿಷಿನಲ್ಲಿ ಅಳಿಸಿಹೋಗಿ, ನಂತರ ಬಂದ ಹಿಂದಿಯಲ್ಲಿ ಮರಳಿ ದಕ್ಕುತ್ತದೆ. ಅಂದರೆ ಕೃತಿಯ ಹಳೆಯ ಒಂದು ಗುಣವನ್ನು ಹೇಳುವ ಸಾಮರ್ಥ್ಯ ಮೊದಲ ಪಾಠಕ್ಕಿಲ್ಲ, ಎರಡನೆಯದಕ್ಕಿದೆ. ತೆಲುಗಿಗೆ ಬಂದರೆ ಇನ್ನೊಂದು ನಿರ್ಧಾರ ಕಾದಿರುತ್ತದೆ. ‘ನಾವು ಕಾಡಿಗೆ ಹೋಗುತ್ತೇವೆ’ ಎನ್ನುವಾಗ ಕೇಳುವವರನ್ನೂ ಸೇರಿಸಿದರೆ ‘ಮನಮು’, ಬಿಟ್ಟರೆ ‘ಮೇಮು’. ಮರಾಠಿಯಲ್ಲಿ ಅದೇ ಜಾಗದಲ್ಲಿ ‘ಆಪಣ’, ‘ಆಮ್ಹಿ’ ಇವೆ. ಅಯೋಧ್ಯೆಯ ಬಾಗಿಲಲ್ಲಿ ರಾಮ ಸೀತೆಯೆದುರು ಆಡುವ ‘ನಾವು’ ಆಕೆಯನ್ನು ಒಳಗೊಂಡಿದೆಯೋ ಇಲ್ಲವೋ ಎಂಬುದನ್ನು ತೆಲುಗು ಮರಾಠಿಗಳು ಬಾಯಿಬಿಟ್ಟು ಹೇಳಬೇಕು; ಇಂಗ್ಲಿಷ್, ಹಿಂದಿ, ಕನ್ನಡಗಳು ಹೇಳದೆ ಉಳಿಯಬಹುದು. ಪ್ರತಿ ಡಬ್ಬೂ ಹೀಗೆ ತನ್ನ ಭಾಷೆ ಒತ್ತಾಯಿಸಿ ಬರೆಸಿದ ಒಂದು ವ್ಯಾಖ್ಯಾನ.

ಕಂಠವೂ ವ್ಯಾಖ್ಯಾನವೇ. ಹಿಂದಿ ಪಾಠದಲ್ಲಿ ರಾಮನಿಗೆ ದನಿ ಕೊಟ್ಟವರು ಅರುಣ್ ಗೋವಿಲ್. 1987ರ ಜನವರಿಯಲ್ಲಿ ಆರಂಭವಾದ ರಾಮಾನಂದ ಸಾಗರರ ದೂರದರ್ಶನ ಧಾರಾವಾಹಿಯಲ್ಲಿ ರಾಮನಾಗಿದ್ದವರು ಅವರೇ. ಜಪಾನಿ ರೇಖೆಯಲ್ಲಿ ಮೂಡಿದ ರಾಮನ ಬಾಯಿಂದ ಆ ದನಿ ಹೊರಟಾಗ, ಕೇಳುವವರ ನೆನಪಿನಲ್ಲಿದ್ದ ಭಾನುವಾರದ ಬೆಳಗಿನ ರಾಮ ಈ ಹೊಸ ದೇಹಕ್ಕೆ ಬಂದು ಸೇರುತ್ತಾನೆ. ರಾವಣನಿಗೆ ಅಮರೀಶ್ ಪುರಿಯವರ ಕಂಠ, ಕಥೆ ಹೇಳುವುದಕ್ಕೆ ಶತ್ರುಘ್ನ ಸಿನ್ಹಾ ಅವರದು. ಅಮೆರಿಕಕ್ಕೆ ಹೋದ ಪಾಠದಲ್ಲಿ ನಿರೂಪಕರು ಜೇಮ್ಸ್ ಅರ್ಲ್ ಜೋನ್ಸ್, ರಾಮ ಬ್ರಯಾನ್ ಕ್ರಾನ್ಸ್‌ಟನ್. ಅಲ್ಲಿನ ಕೇಳುಗರಿಗೆ ಆ ನಿರೂಪಣೆ ‘ಸ್ಟಾರ್ ವಾರ್ಸ್’ನ ಗಾಂಭೀರ್ಯವನ್ನು ತರುತ್ತದೆ. ಅದೇ ಚಿತ್ರ, ಅದೇ ಬಿಲ್ಲು, ಅದೇ ಸೇತುವೆ, ಆದರೆ ಒಂದೊಂದು ಕಂಠ ಒಂದೊಂದು ಕುಲದ ನೆನಪನ್ನು ತಂದು ಸುರಿಯುತ್ತದೆ. 2025ರ ಬಿಡುಗಡೆಗೆ ಹೊಸ ಕಂಠಗಳಲ್ಲಿ ಡಬ್ ಮಾಡಿದಾಗ ಗೋವಿಲ್–ಪುರಿ ಪಾಠ ಚಿತ್ರಮಂದಿರದ ಮಟ್ಟಿಗೆ ಹಿಂದೆ ಸರಿಯಿತು. ಅದನ್ನು ಕೇಳಬೇಕೆಂದರೆ ಹಳೆಯ ಮನೆ ಬಳಕೆಯ ಬಿಡುಗಡೆಗಳ ಬಳಿಗೇ ಹೋಗಬೇಕು. ಹಳೆಯ ಕ್ಯಾಸೆಟ್ಟಿಗೂ ಡಿಸ್ಕಿಗೂ ಹಸ್ತಪ್ರತಿಯ ಬೆಲೆ ಬರುವುದು ಇಲ್ಲೇ.

ಸೇರಿಸಿದ್ದನ್ನೆಲ್ಲ ‘ಪ್ರಕ್ಷಿಪ್ತ’ ಎಂದು ಅಡಿಟಿಪ್ಪಣಿಗೆ ತಳ್ಳುವುದು ಗ್ರಂಥಸಂಪಾದನೆಯ ಅಭ್ಯಾಸ. ಡಬ್ಬಿಂಗಿನ ವಿಷಯದಲ್ಲಿ ಮಾತ್ರ ಈ ಅಭ್ಯಾಸವನ್ನು ಕೈಬಿಡಬೇಕು. ನಿಪ್ಪೊನ್ ಅನಿಮೇಷನ್ ಸಂಸ್ಥೆ 1989–90ರಲ್ಲಿ 52 ಕಂತುಗಳಲ್ಲಿ ಮಾಡಿದ ಮೌಗ್ಲಿಯ ಧಾರಾವಾಹಿ 1990ರ ದಶಕದಲ್ಲಿ ‘ಜಂಗಲ್ ಬುಕ್’ ಆಗಿ ದೂರದರ್ಶನದಲ್ಲಿ ಹಿಂದಿಯಲ್ಲಿ ಬಂತು. ಅದಕ್ಕೆ ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ರಾಗ ಹಾಕಿದ ಶೀರ್ಷಿಕೆ ಹಾಡು ಜಪಾನಿ ಪಾಠದಲ್ಲಿಲ್ಲ, ಅದು ಭಾರತದಲ್ಲೇ ಕೂಡಿದ್ದು. ಶೇರ್ ಖಾನ್‌ಗೆ ನಾನಾ ಪಾಟೇಕರ್ ಕೊಟ್ಟ ದನಿಯೂ ಇಲ್ಲಿಯದೇ. ಆ ಕಾಲದ ಮಕ್ಕಳಿಗೆ ಧಾರಾವಾಹಿಯ ಯಾವ ಕಂತು ನೆನಪಿಲ್ಲದಿದ್ದರೂ ಆ ಹಾಡು ನೆನಪಿದೆ. ಪ್ರಕ್ಷಿಪ್ತವೇ ಕೃತಿಯ ಗುರುತಾಗಿ ನಿಂತ ಇಂಥ ಪ್ರಸಂಗ ನಮ್ಮ ಪರಂಪರೆಗೂ ಹೊಸದಲ್ಲ. ರಾಮಾಯಣವನ್ನು ನಾಗಚಂದ್ರ ಜೈನಪಾಠದಲ್ಲಿ ಹೇಳಿದ, ತೊರವೆಯ ಕುಮಾರ ವಾಲ್ಮೀಕಿ ಷಟ್ಪದಿಯಲ್ಲಿ ಹೇಳಿದ, ಕುವೆಂಪು ಮಹಾಛಂದಸ್ಸಿನಲ್ಲಿ ಹೇಳಿದರು. ರಾವಣನ ಸೀನಿನಿಂದ ಸೀತೆ ಹುಟ್ಟುವ ಕನ್ನಡ ಜನಪದ ರಾಮಾಯಣವನ್ನು ಎ.ಕೆ. ರಾಮಾನುಜನ್ ತಮ್ಮ ‘ಮುನ್ನೂರು ರಾಮಾಯಣಗಳು’ ಪ್ರಬಂಧದಲ್ಲಿ ಲೋಕದ ಮುಂದಿಟ್ಟರು. ಇವುಗಳಲ್ಲಿ ಯಾವುದನ್ನೂ ನಾವು ವಾಲ್ಮೀಕಿಯ ಕೆಟ್ಟ ಡಬ್ ಎನ್ನುವುದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಪ್ರತಿಲಿಪಿಕಾರ ಇದ್ದುದನ್ನು ಇದ್ದಂತೆ ಬರೆಯಲು ಕುಳಿತವನು, ತಪ್ಪಿದರೆ ಅದು ಅವನ ಕಣ್ಣಿನ, ಕೈಯ ತಪ್ಪು. ಡಬ್ಬಿಂಗಿನ ಬರಹಗಾರ ಬದಲಿಸಲೆಂದೇ ಕುಳಿತವನು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಶಾಸ್ತ್ರ ಕೆಡುವುದಿಲ್ಲವೇ? ಆಕ್ಷೇಪ ಸರಿ, ಅದಕ್ಕಾಗಿಯೇ ಮನೆ ಬಳಕೆಯ ಬಿಡುಗಡೆಗಳನ್ನು ಹೋಲಿಸುವಾಗ ಎರಡು ಬಗೆಯ ವ್ಯತ್ಯಾಸಗಳನ್ನು ಬಿಡಿಸಿಡಬೇಕು. ಒಂದು ವಾಹಕದಿಂದ ಬಂದ ವ್ಯತ್ಯಾಸ, ಇನ್ನೊಂದು ಇಚ್ಛೆಯಿಂದ ಬಂದ ವ್ಯತ್ಯಾಸ. ಮೊದಲನೆಯದು ಪ್ರತಿಯ ವಿಷಯ, ಎರಡನೆಯದು ರೂಪಾಂತರದ ವಿಷಯ. ಇವೆರಡನ್ನೂ ಕಲಸಿದರೆ ಎಂಥ ತಪ್ಪಾಗುತ್ತದೆಂಬುದಕ್ಕೆ ಓಡುವ ಅವಧಿಯನ್ನೇ ತೆಗೆದುಕೊಳ್ಳಬಹುದು. ಚಿತ್ರಮಂದಿರದ ರೀಲು ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಭಾರತ ಬಳಸುತ್ತಿದ್ದ ಪಾಲ್ ಟಿ.ವಿ. ಪದ್ಧತಿ ಸೆಕೆಂಡಿಗೆ 25 ಚೌಕಟ್ಟಿನದು. ಪಾಲ್ ಕ್ಯಾಸೆಟ್, ಡಿವಿಡಿಗಳಿಗೆ ಚಿತ್ರವನ್ನು ಇಳಿಸುವಾಗ ಸಾಮಾನ್ಯವಾಗಿ 24 ಚೌಕಟ್ಟನ್ನೇ 25ರ ವೇಗದಲ್ಲಿ ಓಡಿಸಿಬಿಡುತ್ತಿದ್ದರು. ಹಾಗೆ ಮಾಡಿದರೆ 135 ನಿಮಿಷದ ಚಿತ್ರ 129 ನಿಮಿಷ 36 ಸೆಕೆಂಡಿಗೆ ಮುಗಿಯುತ್ತದೆ. ಒಂದು ದೃಶ್ಯವನ್ನೂ ಕತ್ತರಿಸಿಲ್ಲ, ಆದರೂ ಐದು ನಿಮಿಷಕ್ಕಿಂತ ಹೆಚ್ಚು ಕಳೆದುಹೋಗಿದೆ. ಶ್ರುತಿಯನ್ನು ಸರಿಪಡಿಸದಿದ್ದರೆ ಎಲ್ಲರ ದನಿಯೂ ಒಂದು ಸ್ವರಸ್ಥಾನದ ಮುಕ್ಕಾಲು ಪಾಲಿಗೆ ಹತ್ತಿರವಾಗಿ ಮೇಲೇರುತ್ತದೆ. ಜಪಾನ್ ಮತ್ತು ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಚೌಕಟ್ಟುಗಳನ್ನು ಮರುಕಳಿಸಿ ಹೊಂದಿಸುವುದರಿಂದ ಅವಧಿ ಬದಲಾಗದು. ಹೀಗಿರುವಾಗ ‘ಭಾರತದ ಪ್ರತಿ ಕತ್ತರಿಸಿದ್ದು, ಅದರ ರಾಮನ ದನಿ ತೆಳು’ ಎಂದು ಯಾರಾದರೂ ಬರೆದರೆ, ಅವರು ಪ್ರತಿಲಿಪಿಕಾರನ ಕೈಬರಹವನ್ನು ಕವಿಯ ಶೈಲಿಯೆಂದು ತಿಳಿದಂತಾಯಿತು.

ಇದೇ ಜಾಗ್ರತೆ ಬೇರೆ ವಾಹಕಗಳಿಗೂ ಬೇಕು. ಒಂದು ವಿಸಿಡಿ ಹಿಡಿಯುವುದು ಸುಮಾರು 74 ನಿಮಿಷ. ಎರಡೂಕಾಲು ಗಂಟೆಯ ಚಿತ್ರಕ್ಕೆ ಎರಡು ಡಿಸ್ಕು ಬೇಕು, ಎಲ್ಲಿ ಡಿಸ್ಕು ಮುಗಿಯುತ್ತದೋ ಅಲ್ಲಿ ಕವಿ ಬಯಸದ ಒಂದು ಆಶ್ವಾಸಾಂತ್ಯ ಬರುತ್ತದೆ. ಡಿವಿಡಿಯ ಮಾನದಂಡ ಒಂದೇ ಡಿಸ್ಕಿನಲ್ಲಿ ಎಂಟು ಧ್ವನಿಪಟ್ಟಿ, 32 ಅಡಿಬರಹಗಳಿಗೆ ಎಡೆ ಕೊಡುತ್ತದೆ. ಆದರೆ ಜಪಾನ್ ಎರಡನೆಯ ವಲಯ, ಅಮೆರಿಕ ಒಂದನೆಯದು, ಭಾರತ ಐದನೆಯದು ಎಂದು ಬೇಲಿ ಹಾಕಿದ್ದರಿಂದ ಒಂದು ನಾಡಿನ ಪಾಠ ಇನ್ನೊಂದರ ಪ್ಲೇಯರಿನಲ್ಲಿ ತೆರೆಯುವುದಿಲ್ಲ. ಇವೆಲ್ಲ ವಾಹಕದ ಮಾತು. ಇಚ್ಛೆಯ ಮಾತು ಬೇರೆ. 2000ದ ದಶಕದ ಆರಂಭದಲ್ಲಿ ‘ದಿ ಪ್ರಿನ್ಸ್ ಆಫ್ ಲೈಟ್’ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋದ ಪಾಠವನ್ನು ಸುಮಾರು ಒಂದೂವರೆ ಗಂಟೆಗೆ ಇಳಿಸಿ, ಹೊಸ ಕಂಠ, ಹೊಸ ನಿರೂಪಣೆ, ಹೆಚ್ಚುವರಿ ಸಂಗೀತ ಕೂಡಿಸಲಾಯಿತು. ಮೂರನೇ ಒಂದು ಪಾಲಿನಷ್ಟು ಕಥೆ ಬಿದ್ದುಹೋದ ಮೇಲೆ ಅದನ್ನು ಪ್ರತಿ ಎನ್ನಲಾಗದು. ಅದು ಬೇರೆ ಓದುಗರಿಗೆಂದು ಮಾಡಿದ ಸಂಗ್ರಹ ರಾಮಾಯಣ, ಹಾಗೆಂದೇ ಅದನ್ನು ಓದಬೇಕು, ಹಾಗೆಂದೇ ಅದರ ಕುಂದನ್ನೂ ಹೇಳಬೇಕು. ತಾಳೆ ನೋಡುವವರು ಪ್ರತಿ ಬಿಡುಗಡೆಗೂ ವಾಹಕ ಯಾವುದು, ಪದ್ಧತಿ ಯಾವುದು, ಅವಧಿ ಎಷ್ಟು, ಮಾತಿನ ಭಾಷೆ ಮತ್ತು ಹಾಡಿನ ಭಾಷೆ ಒಂದೆಯೋ ಬೇರೆಯೋ, ಹೆಸರುಪಟ್ಟಿಯಲ್ಲಿ ಡಬ್ ಬರೆದವರ ಹೆಸರು ಇದೆಯೋ ಇಲ್ಲವೋ ಎಂಬುದನ್ನು ಮೊದಲು ಗುರುತು ಹಾಕಿಕೊಂಡು ಆಮೇಲೆ ರುಚಿಯ ಮಾತಿಗೆ ಬರಬೇಕು. ಕೊನೆಯದನ್ನು ವಿಶೇಷವಾಗಿ ಹೇಳುವುದಕ್ಕೆ ಕಾರಣವಿದೆ. ಓಲೆಗರಿಯ ಪ್ರತಿಲಿಪಿಕಾರ ಕೊನೆಯಲ್ಲಿ ತನ್ನ ಹೆಸರು, ಊರು, ತಿಥಿ ಬರೆದು ತಪ್ಪನ್ನು ಮನ್ನಿಸಿರೆಂದು ಕೇಳಿಕೊಳ್ಳುತ್ತಿದ್ದ. ಡಬ್ಬಿಂಗಿನ ಬರಹಗಾರರಿಗೆ ಅಷ್ಟು ಜಾಗವೂ ಬಹಳ ಸಲ ಸಿಗುವುದಿಲ್ಲ.

ಈಗ ಕಮಲನಗರಕ್ಕೆ ಬರೋಣ. ಔರಾದ್ ತಾಲ್ಲೂಕಿನಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾದ ಈ ಊರು ಕರ್ನಾಟಕದ ನೆತ್ತಿಯ ಮೇಲಿದೆ. ಬೀದರ್, ಭಾಲ್ಕಿ ದಾಟಿ ಉದಗೀರದತ್ತ ಹೋಗುವ ರೈಲು ಇದರ ಮೇಲೇ ಹಾಯುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ, ನಿಲಂಗಾ, ಅಹಮದಪುರಗಳೂ ಬೀದರ್ ಜಿಲ್ಲೆಯವೇ. ಅವು ಈಗಿನ ಮಹಾರಾಷ್ಟ್ರದತ್ತ ಹೋದವು, ಔರಾದ್, ಭಾಲ್ಕಿಗಳು ಇತ್ತ ಉಳಿದವು, ಆದರೆ ನೆಂಟಸ್ತಿಕೆ, ಸಂತೆ, ಮಾತು ಗಡಿಯ ಗೆರೆಯನ್ನು ಅನುಸರಿಸಲಿಲ್ಲ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗ ಹೇಳುವಾಗ ಈ ಮಾಂಜರಾ ಸೀಮೆ ಅದರ ಒಳಗೇ ಇದೆ. ನಿಜಾಮರ ಆಡಳಿತದಲ್ಲಿ ಕನ್ನಡ ಕಲಿಸುವುದೇ ಕಷ್ಟವಾಗಿದ್ದ ದಿನಗಳಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಭಾಗದವರೆಲ್ಲ ಬಲ್ಲರು. 1890ರಲ್ಲಿ ಅವರು ಹುಟ್ಟಿದ್ದು ಕಮಲನಗರದಲ್ಲೇ. ಕಣ್ಣಿಗೊಂದು ಭಾಷೆ, ಕಿವಿಗೊಂದು ಭಾಷೆ ಎಂಬ ಏರ್ಪಾಡು ಇಲ್ಲಿಯವರಿಗೆ ಬದುಕಿನ ದಾರಿಯಾಗಿತ್ತು. ಇಲ್ಲಿಯ ದಖ್ಖನಿಯ ‘ನಕ್ಕೊ’ ಮರಾಠಿಯ ‘ನಕೊ’ದಿಂದ ಬಂದದ್ದು, ಇಲ್ಲಿಯ ಕನ್ನಡದ ‘ಬರ್ರಿ, ಕೂಡ್ರಿ’ ಮೈಸೂರಿನ ‘ಬನ್ನಿ, ಕೂತ್ಕೊಳ್ಳಿ’ಯಲ್ಲ. ಹೀಗೆ ಮಾತು ಮಾತಿಗೂ ಪಾಠಾಂತರ ಕೇಳಿ ಬೆಳೆಯುವ ಮಗುವಿಗೆ ಸಿಕ್ಕ ಅನಿಮೆ ಮಾತ್ರ ಬಹುಪಾಲು ಒಂದೇ ಪಾಠದ್ದು, ಹಿಂದಿಯದು. ‘ಜಂಗಲ್ ಬುಕ್’ ಹಿಂದಿಯಲ್ಲಿ ಬಂತು. ರಾಮಾಯಣ ಅನಿಮೆ 4ಕೆ ರೂಪದಲ್ಲಿ ನವೀಕರಣಗೊಂಡು 2025ರ ಜನವರಿ 24ರಂದು ದೇಶದ ಚಿತ್ರಮಂದಿರಗಳಿಗೆ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಪಾಠಗಳಿದ್ದವು, ಕನ್ನಡ ಇರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 12ರಂದು ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಬಂದಾಗಲೂ ಜಪಾನಿಯ ಜೊತೆಗೆ ಆ ನಾಲ್ಕೇ ಭಾಷೆಗಳು. ಕಿಷ್ಕಿಂಧೆ ಎಂದು ನಾವು ನಂಬುವ ನೆಲ ಕೊಪ್ಪಳ ಜಿಲ್ಲೆಯ ಆನೆಗೊಂದಿ. ಅಂಜನಾದ್ರಿ ಇರುವುದು ಅಲ್ಲೇ. ಹನುಮಂತ ಮೊದಲ ಸಲ ರಾಮನೆದುರು ಬಂದು ಮಾತಾಡುವ, ಆ ಮಾತಿನ ಸೊಗಸಿಗೆ ರಾಮ ತಲೆದೂಗುವ ಜಾಗ ಅದು. ಆ ಜಾಗದ ಭಾಷೆ ರಾಮಾಯಣ ಅನಿಮೆಯ ಭಾಷಾಪಟ್ಟಿಯಲ್ಲಿಲ್ಲ.

ಇದಕ್ಕೆ ಕೊಡುವ ಉತ್ತರ ಗೊತ್ತಿರುವುದೇ. ಕನ್ನಡದಲ್ಲಿ ಡಬ್ಬಿಂಗ್ ಬೇಡವೆಂದು 1960ರ ದಶಕದಿಂದ ಗಟ್ಟಿಯಾಗಿ ನಿಂತವರು ಸಣ್ಣವರಲ್ಲ. ತಮಿಳು, ತೆಲುಗು, ಹಿಂದಿ ಚಿತ್ರಗಳ ಪ್ರವಾಹದಲ್ಲಿ ಕನ್ನಡ ಚಿತ್ರರಂಗಕ್ಕೆ ಕಾಲೂರಲು ನೆಲ ಬೇಕಿತ್ತು, ಆ ನೆಲ ಸಿಕ್ಕಿದ್ದರಲ್ಲಿ ಆ ವಿರೋಧದ ಪಾಲಿದೆ. ಇದನ್ನು ಒಪ್ಪದೆ ಮುಂದೆ ಹೋಗುವುದು ನ್ಯಾಯವಲ್ಲ. ಆದರೆ ನಟರು, ಕ್ಯಾಮೆರಾ, ನೆಲ ಎಲ್ಲ ಇದ್ದು ನಾವೇ ಮಾಡಬಲ್ಲ ಚಿತ್ರವನ್ನು ಕಾಪಾಡಲು ಹುಟ್ಟಿದ ಕಟ್ಟುಪಾಡು, ನೂರಾರು ಕೈಗಳು ವರ್ಷಗಟ್ಟಲೆ ಬರೆದರಷ್ಟೇ ಆಗುವ ಜಪಾನಿ ಅನಿಮೆಗೂ ಹಾಗೆಯೇ ಅನ್ವಯಿಸಿತು. ಡಬ್ ತಡೆದದ್ದರಿಂದ ಅದರ ಜಾಗದಲ್ಲಿ ಕನ್ನಡದ ಅನಿಮೆ ಬೆಳೆಯಲಿಲ್ಲ, ಹಿಂದಿ ಡಬ್ ಬಂದು ಕುಳಿತಿತು. 2012ರಲ್ಲಿ ಹಿಂದಿಯ ಟಿ.ವಿ. ಕಾರ್ಯಕ್ರಮ ‘ಸತ್ಯಮೇವ ಜಯತೆ’ ಕನ್ನಡದಲ್ಲಿ ಪ್ರಸಾರವಾಗದಂತೆ ತಡೆದಾಗ ಕನ್ನಡಿಗರು ಅದನ್ನು ನೋಡದೆ ಬಿಡಲಿಲ್ಲ, ಹಿಂದಿಯಲ್ಲಿ ನೋಡಿದರು. 2015ರ ಜುಲೈ 27ರಂದು ಭಾರತ ಸ್ಪರ್ಧಾ ಆಯೋಗ, ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ, ಡಬ್ಬಿಂಗ್ ತಡೆ ಕಾನೂನಿಗೆ ವಿರುದ್ಧವೆಂದು ಆದೇಶಿಸಿತು. 2017ರ ಮಾರ್ಚಿನಲ್ಲಿ ಕನ್ನಡಕ್ಕೆ ಡಬ್ ಆದ ‘ಸತ್ಯದೇವ್ ಐಪಿಎಸ್’ ಚಿತ್ರ ತೆರೆಗೆ ಬಂತು. 2020ರ ಲಾಕ್‌ಡೌನಿನಲ್ಲಿ ಹಿಂದಿಯ ‘ಮಹಾಭಾರತ’ ಧಾರಾವಾಹಿ ಕನ್ನಡದಲ್ಲಿ ಮನೆಮನೆಗೆ ತಲುಪಿತು. ಮಕ್ಕಳ ಮಟ್ಟಿಗೆ ಬಾಗಿಲು ಇದಕ್ಕೂ ಮೊದಲೇ ತೆರೆದಿತ್ತು: 2009ರಲ್ಲಿ ಶುರುವಾದ ಚಿಂಟು ಟಿ.ವಿ. ಹೊರನಾಡಿನ ಕಾರ್ಟೂನುಗಳನ್ನು ಕನ್ನಡದಲ್ಲಿ ತೋರಿಸಿತು, ಅದರಿಂದ ಕನ್ನಡ ಚಿತ್ರರಂಗ ಬಡವಾಗಲಿಲ್ಲ. ಹಾಗಾಗಿ ಈಗ ಕಾನೂನಿನ ಅಡ್ಡಿಯಿಲ್ಲ. ಉಳಿದಿರುವುದು ಕನ್ನಡದವರು ಹೇಗೂ ಹಿಂದಿಯಲ್ಲೋ ತೆಲುಗಿನಲ್ಲೋ ನೋಡುತ್ತಾರೆಂಬ ವಿತರಕರ ಎಣಿಕೆ. ನಾವು ಹಲವು ಭಾಷೆ ಬಲ್ಲವರಾಗಿರುವುದೇ ನಮ್ಮ ಪಾಠವನ್ನು ಇಲ್ಲವಾಗಿಸುತ್ತಿದೆ.

ಅಡಿಬರಹ ಸಾಲದೇ ಎಂಬವರಿದ್ದಾರೆ. ಮೂಲದ ದನಿಯನ್ನು ಉಳಿಸಿಕೊಂಡು ಅರ್ಥ ತಿಳಿಸುವ ಪ್ರಾಮಾಣಿಕ ದಾರಿ ಅದೇ ಎಂಬುದು ಅವರ ವಾದ. ಓದಬಲ್ಲ ಪ್ರೌಢ ನೋಡುಗರ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದು. ಆದರೆ ಕಮಲನಗರದ ಒಂದು ಬೀದಿಯಲ್ಲಿ ಕನ್ನಡ ಮಾಧ್ಯಮದ ಮಗು ಕನ್ನಡ ಲಿಪಿ ಓದುತ್ತದೆ, ಮರಾಠಿ ಮಾಧ್ಯಮದ್ದು ದೇವನಾಗರಿ, ಉರ್ದು ಮಾಧ್ಯಮದ್ದು ಬಲದಿಂದ ಎಡಕ್ಕೆ ಓಡುವ ಲಿಪಿ. ಅಡಿಬರಹ ಈ ಮೂವರನ್ನೂ ಮೂರು ಕಡೆ ಕೂರಿಸುತ್ತದೆ. ಕಿವಿಯ ಕನ್ನಡಕ್ಕೆ ಲಿಪಿಯ ಹಂಗಿಲ್ಲ. ಬೀದಿಯಲ್ಲಿ ಕೇಳಿ ಕಲಿತ ಕನ್ನಡವಿದ್ದರೆ ಮೂವರೂ ಒಟ್ಟಿಗೆ ಕುಳಿತು ನೋಡಬಹುದು. ಇನ್ನೂ ಓದಲು ಬಾರದ ಪುಟ್ಟ ಮಕ್ಕಳ ಮಾತಂತೂ ಹೇಳಬೇಕಿಲ್ಲ. ಗಡಿಯಲ್ಲಿ ಕನ್ನಡ ಬೆಳೆಯಬೇಕೆಂದು ಪ್ರತಿ ನವೆಂಬರಿನಲ್ಲಿ ಭಾಷಣ ಕೇಳುತ್ತೇವೆ. ಮಕ್ಕಳು ತಾವಾಗಿ ಬಯಸಿ ನೋಡುವ ಕಥೆಯಲ್ಲಿ ಕನ್ನಡ ಇಲ್ಲದಿದ್ದರೆ ಆ ಭಾಷಣ ಅವರ ಕಿವಿಗೆ ಇಳಿಯುವ ಬಗೆ ಯಾವುದು?

ಚಿತ್ರ ಒಬ್ಬರದು, ದನಿ ಇನ್ನೊಬ್ಬರದು ಎಂಬುದು ನಮ್ಮ 'ಸಂಸ್ಕೃತಿ'ಗೆ ಹೊರಗಿನದೆಂಬ ಮಾತೂ ಇದೆ. ತೊಗಲುಗೊಂಬೆಯಾಟವನ್ನು ನೆನೆದರೆ ಇದು ಬಿದ್ದುಹೋಗುತ್ತದೆ. ಬಣ್ಣ ಬರೆದ ತೊಗಲು ಪರದೆಯ ಮೇಲೆ ಆಡುತ್ತದೆ. ಪರದೆಯ ಹಿಂದೆ ಕುಳಿತ ಕಿಳ್ಳೇಕ್ಯಾತರು ರಾಮನಿಗೂ ರಾವಣನಿಗೂ ಸೀತೆಗೂ ದನಿ ಬದಲಿಸಿ ಮಾತಾಡುತ್ತಾರೆ. ಮನೆಯಲ್ಲಿ ಅವರಾಡುವುದು ಮರಾಠಿಯ ಒಂದು ರೂಪ, ಆಟದಲ್ಲಿ ಕನ್ನಡ. ರಾಮಾಯಣವನ್ನು ಚಿತ್ರಕ್ಕೆ ದನಿಗೂಡಿಸಿ ಹೇಳುವ ಈ ಕಲೆ ಅನಿಮೆಗಿಂತ ಶತಮಾನಗಳಷ್ಟು ಹಿರಿದು. ಹೊಸ ಯಂತ್ರದ ಕಾಲದಲ್ಲೂ ಉತ್ತರ ಕರ್ನಾಟಕ ಇದರಲ್ಲಿ ಮುಂದಿತ್ತು. 1975–76ರ ಉಪಗ್ರಹ ಬೋಧನಾ ಟಿ.ವಿ. ಪ್ರಯೋಗ ‘ಸೈಟ್’ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ ಕನ್ನಡದಲ್ಲಿ ಕಾರ್ಯಕ್ರಮ ತಂದಿತು. ಒಂದು ಚಿತ್ರದ ಜೊತೆ ಎರಡು ಧ್ವನಿಪಟ್ಟಿಗಳನ್ನು ಕಳಿಸುವ ಸಾಮರ್ಥ್ಯ ಆ ವ್ಯವಸ್ಥೆಗೆ ಆಗಲೇ ಇತ್ತು.

ಕೊನೆಯದಾಗಿ, ಕನ್ನಡ ಪಾಠವೊಂದು ಬಂದರೆ ಅದು ಇಂಗ್ಲಿಷ್ ಡಬ್ಬಿನ ನೆರಳಾಗಿ ಬರಬೇಕಾಗಿಲ್ಲ. ಟಿ.ವಿ. ಅನಿಮೆಯಲ್ಲಿ ಬಾಯನ್ನು ಬಹಳ ಸಲ ತೆರೆದ, ಅರೆತೆರೆದ, ಮುಚ್ಚಿದ ಮೂರೇ ಚಿತ್ರಗಳಲ್ಲಿ ಆಡಿಸುತ್ತಾರೆ. ಜಪಾನಿ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ನಮ್ಮವೂ ಹಾಗೆಯೇ. ಎರಡರಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ನಾಮದ ಹಿಂದೆ ಅಂಟುತ್ತದೆ, ಹಿರಿಯರ ಮುಂದೆ ಕ್ರಿಯಾಪದದ ರೂಪವೇ ಬಾಗುತ್ತದೆ. ಜಪಾನಿ ಪಾತ್ರವೊಂದು ಮಾತಿನ ತುದಿಯವರೆಗೂ ತನ್ನ ನಿರ್ಧಾರವನ್ನು ತಡೆಹಿಡಿದು ಕೊನೆಯ ಪದದಲ್ಲಿ ಹೇಳುವಾಗ, ಕಣ್ಣರಳಿಸುವುದೋ ಬಿಲ್ಲೆತ್ತುವುದೋ ಆ ಕೊನೆಯ ಪದಕ್ಕೇ ಹೊಂದಿರುತ್ತದೆ. ಇಂಗ್ಲಿಷಿನಲ್ಲಿ ಆ ಕ್ರಿಯಾಪದ ಮೊದಲೇ ಬಂದು ಹೋಗುತ್ತದೆ. ಕನ್ನಡದಲ್ಲಿ ಅದು ಚಿತ್ರದ ಜೊತೆಗೇ ಬಂದು ನಿಲ್ಲುತ್ತದೆ. ರಾಮಾಯಣ ಅನಿಮೆಯ ಮಾತು ಇಂಗ್ಲಿಷಿನಿಂದ ಹೊರಟದ್ದಾದರೂ, ಹಿಂದಿನ ಪಾಠಗಳನ್ನೆಲ್ಲ ಎದುರಿಗಿಟ್ಟುಕೊಂಡು, ನೀನು–ನೀವು–ತಾವುಗಳನ್ನು ವಾಲ್ಮೀಕಿಯ ಜೊತೆ ತಾಳೆ ನೋಡಿ ಬರೆದ ಕನ್ನಡ ಪಾಠ, ಇದುವರೆಗಿನ ಎಲ್ಲ ಪಾಠಗಳಿಗಿಂತ ತಿದ್ದಿದ ಪಾಠವಾಗಬಲ್ಲದು. ಅದನ್ನು ಬರೆಯಬಲ್ಲವರು, ಓದಿ ದನಿ ಕೊಡಬಲ್ಲವರು ನಮ್ಮ ರಂಗಭೂಮಿಯಲ್ಲಿದ್ದಾರೆ.

ಅದಕ್ಕೆ ಬೇಕಾದ ಆಕರಗಳು ಮಾತ್ರ ಕರಗುತ್ತಿವೆ. ಕ್ಯಾಸೆಟ್ಟಿನ ಟೇಪಿಗೆ ಬೂಸು ಹಿಡಿಯುತ್ತದೆ; ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ವಿಸಿಆರ್ ತಯಾರಿಕೆಯನ್ನೇ ನಿಲ್ಲಿಸಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗ ಓಲೆಗರಿಗೆ ತೋರುವ ಮಮತೆಯನ್ನು ಈ ಟೇಪುಗಳಿಗೂ ತೋರಬೇಕು. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿರುವ ಬೀದರ್ ವಿಶ್ವವಿದ್ಯಾಲಯ ಈ ಗಡಿಸೀಮೆಯ ಸಂಗ್ರಹವನ್ನು ತನ್ನದೆಂದು ಕೈಗೆತ್ತಿಕೊಳ್ಳಬೇಕು. ಕಮಲನಗರ, ಔರಾದ್, ಭಾಲ್ಕಿಯ ಮನೆಗಳ ಅಟ್ಟದ ಮೇಲೆ, ಹಳೆಯ ವಿಡಿಯೊ ಅಂಗಡಿಗಳ ಮೂಲೆಯಲ್ಲಿ ರಾಮಾಯಣ ಅನಿಮೆಯದೋ, ಮೌಗ್ಲಿಯದೋ, ಕನ್ನಡದಲ್ಲಿ ಬಂದ ಯಾವುದೇ ಕಾರ್ಟೂನಿನದೋ ಕ್ಯಾಸೆಟ್, ವಿಸಿಡಿ ಉಳಿದಿದ್ದರೆ, ಈ ಸಾಲು ಓದುತ್ತಿರುವವರು ದಯಮಾಡಿ ಅದನ್ನು ಗುಜರಿಗೆ ಹಾಕಬೇಡಿ. ಹೊದಿಕೆಯ ಮೇಲಿನ ಭಾಷೆ, ವರ್ಷ, ಅವಧಿಯನ್ನು ಒಂದು ಹಾಳೆಯಲ್ಲಿ ಬರೆದು ಅದರ ಜೊತೆಗೇ ಇಡಿ.